‘ಮೌನ–೪೧’ರ ಹತ್ತೊಂಬತ್ತು ಕೈಗಳು

ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದಾದ ಆ ಯಂತ್ರ ನಾಲ್ಕು ರಬ್ಬರ್ ಗಾಲಿಗಳ ಮೇಲೆ ಗೋಡೆಯುದ್ದಕ್ಕೂ ಸಪ್ಪಳವಿಲ್ಲದೆ ಸರಿಯುತ್ತಿತ್ತು. ಅದರ ನೆತ್ತಿಯಿಂದ ಹೊರಟ ತೆಳುವಾದ ಹಸಿರು ಬೆಳಕು ಚಿತ್ರದ ಮೇಲೆ ಒಂದು ಸಾಲನ್ನೂ ಬಿಡದೆ, ಹೊಲ ಉಳುವವರ ಹಾಗೆ, ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರುತ್ತಿತ್ತು. ಅಂದು ಸೋಮವಾರ, ಸಂಗ್ರಹಾಲಯಕ್ಕೆ ರಜೆ. ಮೂರನೆಯ ಪಡಸಾಲೆಯಲ್ಲಿ ಮೂವರೇ ಇದ್ದರು: ಯಂತ್ರವನ್ನು ಕಟ್ಟಿದ ವಿಜ್ಞಾನಿ ಡಾ. ಇಮಾಮಸಾಬ ನದಾಫ, ಅದನ್ನು ಹಟ ಹಿಡಿದು ತರಿಸಿಕೊಂಡ ನಿರ್ದೇಶಕ ಪ್ರಹ್ಲಾದ ಗಲಗಲಿ, ಮತ್ತು ಅದು ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಬಂದ ಶಿವಲೀಲಾ ಕೊಣ್ಣೂರ.

ಹುಬ್ಬಳ್ಳಿ–ಧಾರವಾಡಗಳ ನಡುವಿನ ದಿಬ್ಬದ ಮೇಲಿದ್ದ ಆ ಆಧುನಿಕ ಕಲಾ ಮಹಾಸಂಗ್ರಹಾಲಯದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಕೃತಿಗಳಿದ್ದವು. ಕಳೆದ ಒಂದೂವರೆ ಶತಮಾನದಲ್ಲಿ ಜನ ಬರೆದದ್ದು, ಕೆತ್ತಿದ್ದು, ಹೊಲಿದದ್ದು, ಸುಟ್ಟದ್ದು, ಮುರಿದದ್ದು ಮತ್ತು ಸುಮ್ಮನೆ ತಂದು ಇಟ್ಟದ್ದು ಎಲ್ಲವೂ ಅಲ್ಲಿತ್ತು. ಶಿವಲೀಲಾ ಅಲ್ಲಿನ ಫಲಕ ಬರಹಗಾರ್ತಿ. ಚಿತ್ರದ ಪಕ್ಕದಲ್ಲಿ ಅಂಗೈಯಗಲದ ಬಿಳಿ ಹಲಗೆಯೊಂದು ಇರುತ್ತದಲ್ಲ, ಅದರ ಮೇಲಿನ ನಾಲ್ಕು ಸಾಲು ಬರೆಯುವುದು ಅವಳ ಕೆಲಸ. ಇಪ್ಪತ್ತಮೂರು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಜನ ಚಿತ್ರವನ್ನು ಒಂಬತ್ತು ಸೆಕೆಂಡು, ಫಲಕವನ್ನು ಇಪ್ಪತ್ತು ಸೆಕೆಂಡು ನೋಡುತ್ತಾರೆಂದು ಒಂದು ಸಮೀಕ್ಷೆ ಹೇಳಿತ್ತು. ಆದ್ದರಿಂದ ತನ್ನ ಕೆಲಸ ಕಲಾವಿದರ ಕೆಲಸಕ್ಕಿಂತ ಎರಡು ಪಾಲು ಜವಾಬ್ದಾರಿಯದು ಎಂದು ಅವಳು ಮನೆಯಲ್ಲಿ ನಗುತ್ತ ಹೇಳುತ್ತಿದ್ದಳು. ಫಲಕ ಬರೆಯುವುದಕ್ಕೆ ಅವಳದೇ ಒಂದು ನಿಯಮವಿತ್ತು: ಓದಿದವರು ‘ಇಷ್ಟೇನಾ’ ಎನ್ನುವಷ್ಟು ಸರಳವಾಗಿರಬಾರದು, ಟಿಕೆಟ್ಟಿನ ದುಡ್ಡು ವಾಪಸು ಕೇಳುವಷ್ಟು ಕಠಿಣವೂ ಆಗಿರಬಾರದು.

ಯಂತ್ರ ಬರಲು ಕಾರಣವಿತ್ತು. ಹಿಂದಿನ ವರ್ಷ ಸಂಗ್ರಹಾಲಯದ ಮಾನ ಮೂರು ಕಾಸಿಗೆ ಹೋಗಿತ್ತು. ಹನ್ನೊಂದು ವರ್ಷ ಪ್ರವೇಶದ್ವಾರದ ಎದುರಿಗೇ ತೂಗುಹಾಕಿದ್ದ ಹೆಸರಾಂತ ಚಿತ್ರವೊಂದು ನಕಲಿ ಎಂದು ಗೊತ್ತಾಗಿತ್ತು. ಕಂಡುಹಿಡಿದವರು ತಜ್ಞರಲ್ಲ. ನಕಲು ಮಾಡಿದವನೇ ಕೊನೆಗಾಲದಲ್ಲಿ ಪತ್ರ ಬರೆದು ಒಪ್ಪಿಕೊಂಡಿದ್ದ. ಜೊತೆಗೆ, ಅದನ್ನು ಇಷ್ಟು ವರ್ಷ ತಲೆಕೆಳಗಾಗಿ ತೂಗುಹಾಕಿದ್ದೀರಿ ಎಂದು ನೊಂದುಕೊಂಡೂ ಇದ್ದ. ಗಲಗಲಿಯವರು ಆ ಏಟಿನಿಂದ ಚೇತರಿಸಿಕೊಂಡು, ಇನ್ನು ಮುಂದೆ ಯಂತ್ರದ ಸಾಕ್ಷಿಯಿಲ್ಲದೆ ಒಂದು ಹೆಸರನ್ನೂ ಫಲಕದ ಮೇಲೆ ಬರೆಯುವುದಿಲ್ಲವೆಂದು ಶಪಥ ಮಾಡಿದರು. ಇಲಾಖೆಯ ಬೆನ್ನುಹತ್ತಿ ‘ನಿಜಫಲಕ ಆದೇಶ’ವನ್ನು ಹೊರಡಿಸಿದರು. ಕಂಪನವಾಚಕವೆಂಬ ಈ ಯಂತ್ರ ಓದಿ ಹೇಳಿದ ಹೆಸರುಗಳನ್ನು ಮೂವತ್ತು ದಿನಗಳೊಳಗೆ, ಒಂದನ್ನೂ ಬಿಡದೆ, ಫಲಕದ ಮೇಲೆ ಬರೆಯತಕ್ಕದ್ದು ಎಂದು ಅದರಲ್ಲಿತ್ತು. ‘ಒಂದನ್ನೂ ಬಿಡದೆ’ ಎಂಬ ಮಾತನ್ನು ಸೇರಿಸಿದವರು ಅವರೇ.

ಕಂಪನವಾಚಕದ ತತ್ತ್ವವನ್ನು ನದಾಫ ಅಂದು ಬೆಳಿಗ್ಗೆ ಶಿವಲೀಲಾಳಿಗೆ ಚಹಾದ ಬಟ್ಟಲು ಹಿಡಿದುಕೊಂಡೇ ವಿವರಿಸಿದ್ದ. ಮನುಷ್ಯನ ಕೈ ಎಷ್ಟೇ ಗಟ್ಟಿಯಾಗಿ ಹಿಡಿದರೂ ನಿಶ್ಚಲವಾಗಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಅದು ಕಂಪಿಸುತ್ತಲೇ ಇರುತ್ತದೆ. ಈ ಹಸ್ತಕಂಪನದ ಲಯ ಒಬ್ಬರದಿದ್ದಂತೆ ಇನ್ನೊಬ್ಬರದಿರುವುದಿಲ್ಲ. ಕುಂಚ ಎಳೆದರೆ ಬಣ್ಣದಲ್ಲಿ, ಸೂಜಿ ಚುಚ್ಚಿದರೆ ದಾರದಲ್ಲಿ, ಮಗ್ಗ ಬಡಿದರೆ ಬಟ್ಟೆಯ ಎಳೆಯಲ್ಲಿ ಆ ಲಯ ಉಳಿದುಬಿಡುತ್ತದೆ. ಯಂತ್ರ ಅದನ್ನು ಓದುತ್ತದೆ. ಓದಿದ ಮೇಲೆ ಹೆಸರು ಹುಡುಕುವುದು ಕಷ್ಟವಲ್ಲ; ಪಡಿತರಕ್ಕೂ ಪಿಂಚಣಿಗೂ ಮಿಂಚುಲೇಖನಿಯೆಂಬ ವಿದ್ಯುತ್ ಪೆನ್ನಿನಲ್ಲಿ ಸಹಿ ಹಾಕಿಸಿಕೊಳ್ಳಲು ತೊಡಗಿದಾಗಿನಿಂದ ನಾಡಿನ ಎಲ್ಲರ ಕೈಯ ಲಯವೂ ಸರಕಾರದ ಹಸ್ತದಾಖಲೆಯಲ್ಲಿತ್ತು. ಅದಕ್ಕೂ ಹಿಂದಿನವರ ಲಯವನ್ನು ಹಳೆಯ ಹಾಜರಿ ಪುಸ್ತಕ, ಶಾಲೆಯ ದಾಖಲೆಗಳಿಂದ ಹೆಕ್ಕಿ ಸೇರಿಸಿದ್ದರು.

“ಅಂದ್ರ ಇದಕ್ಕ ಕಲಾವಿದ ಯಾರು ಅಂತ ಗೊತ್ತಾಗ್ತದೇನ್ರಿ?” ಎಂದು ಶಿವಲೀಲಾ ಕೇಳಿದ್ದಳು.

“ಅದು ಗೊತ್ತಾಗೂದಿಲ್ರಿ ಮೇಡಂ,” ಎಂದಿದ್ದ ನದಾಫ. “ಕೈ ಯಾರದು ಅಂತಷ್ಟ ಗೊತ್ತಾಗ್ತೈತಿ.”

ಆ ಮಾತಿನಲ್ಲಿದ್ದ ವ್ಯತ್ಯಾಸ ಮಧ್ಯಾಹ್ನದವರೆಗೆ ಯಾರಿಗೂ ತಟ್ಟಲಿಲ್ಲ. ಬೆಳಿಗ್ಗೆ ಓದಿದ, ಕಾಗದದ ಮೇಲೆ ಬರೆದ ಎಂಟು ಸಣ್ಣ ಚಿತ್ರಗಳೂ ತಮ್ಮ ತಮ್ಮ ಕಲಾವಿದರ ಹೆಸರನ್ನೇ ಹೇಳಿ ಪಾಸಾದವು. ಗಲಗಲಿಯವರು ಹುರುಪಿನಿಂದ ಯಂತ್ರವನ್ನು ‘ಮೌನ–೪೧’ರ ಮುಂದೆ ತರಿಸಿದರು.

‘ಮೌನ–೪೧’ ಸಂಗ್ರಹಾಲಯದ ಕಿರೀಟ. ಹನ್ನೆರಡು ಅಡಿ ಎತ್ತರ, ಮೂವತ್ತು ಅಡಿ ಅಗಲ. ಬಿಳಿ ಬಟ್ಟೆಯ ಮೇಲೆ ಬಿಳಿ ಬಣ್ಣ, ನಡುವೆ ಎರಡು ಬೂದು ಗೆರೆ. ಬರೆದವರು ಉದಯರವಿ ಕಟಗೇರಿ. ಎಂಬತ್ತೊಂದು ವರ್ಷದ, ದೇಶವಿದೇಶಗಳಲ್ಲಿ ಹೆಸರಾದ ಹಿರಿಯರು. ಈ ಚಿತ್ರವನ್ನು ನೋಡಲೆಂದೇ ಜನ ಹೊರನಾಡುಗಳಿಂದ ಬರುತ್ತಿದ್ದರು. ಊರವರೂ ಬರುತ್ತಿದ್ದರು. ಮದುವೆ ನಿಶ್ಚಯವಾದ ಜೋಡಿಗಳಿಗೆ ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದು ಇಷ್ಟವಾಗಿತ್ತು; ಹಿನ್ನೆಲೆ ಸ್ವಚ್ಛವಾಗಿ ಬರುತ್ತಿತ್ತು.

ಯಂತ್ರ ನಲವತ್ತು ನಿಮಿಷ ಓದಿತು. ಆಮೇಲೆ ಅದರ ಬದಿಯಿಂದ ಕಾಗದದ ಪಟ್ಟಿ ಹೊರಬರಲು ತೊಡಗಿತು, ನಿಲ್ಲಲಿಲ್ಲ. ನದಾಫ ಅದನ್ನು ಹರಿದು ಶಿವಲೀಲಾಳ ಕೈಗೆ ಕೊಟ್ಟ. ಅವಳು ದನಿಯೆತ್ತಿ ಓದಿದಳು. ಬಟ್ಟೆ ನೇಯ್ದವರು ಗುಳೇದಗುಡ್ಡದ ಮೂವರು. ತುಂಡುಗಳನ್ನು ಜೋಡಿಸಿ ಹೊಲಿದವರು ಒಬ್ಬರು. ಬಿಳಿ ಬಣ್ಣ ಬಳಿದವರು ಹನ್ನೊಂದು ಮಂದಿ. ಬೂದು ಗೆರೆ ಎಳೆದವರು ಇಬ್ಬರು. ಮೂಲೆಯಲ್ಲಿ ಸಹಿ ಮಾಡಿದವನು ಬಾಳು ಪವಾರ. ಈತ ಕಟಗೇರಿಯವರ ಕಾರಿನ ಚಾಲಕನೆಂದು ಹಸ್ತದಾಖಲೆ ತಿಳಿಸಿತ್ತು. ಹತ್ತೊಂಬತ್ತನೆಯದಾಗಿ ಉದಯರವಿ ಕಟಗೇರಿಯವರ ಹೆಸರಿತ್ತು. ಕೆಳಗಿನ ಎಡ ಅಂಚಿನಲ್ಲಿ ಅವರ ಹೆಬ್ಬೆರಳಿನ ಗುರುತು ಒಂದೇ ಒಂದು ಸಿಕ್ಕಿತ್ತು.

ಬಣ್ಣ ಒಣಗಿದೆಯೋ ಇಲ್ಲವೋ ಎಂದು ಒತ್ತಿ ನೋಡಿದ ಹಾಗಿದೆ ಎಂದು ನದಾಫ ಮೆಲ್ಲಗೆ ಹೇಳಿದ.

ಗಲಗಲಿಯವರು ಕೆಲಹೊತ್ತು ಚಿತ್ರವನ್ನೇ ನೋಡುತ್ತ ನಿಂತರು. ಅಷ್ಟು ಹೊತ್ತು ಅವರು ಅದನ್ನು ನೋಡಿದ್ದು ಬಹುಶಃ ಅದೇ ಮೊದಲು. ಆಮೇಲೆ ದನಿ ತಗ್ಗಿಸಿದರು.

“ಡಾಕ್ಟ್ರೇ, ಇದಕ್ಕೊಂದು ಜರಡಿ ಹಾಕಲಿಕ್ಕೆ ಬರೂದಿಲ್ಲೇನು? ಸಣ್ಣಪುಟ್ಟವರೆಲ್ಲಾ ಕೆಳಗ ಉದುರಿ ಹೋಗೂಹಂಗ?”

“ಬರ್ತೈತ್ರಿ ಸರ್. ನೂರಕ್ಕ ಎಷ್ಟರ ಕೆಳಗಿನವ್ರನ್ನ ಬಿಡಬೇಕು, ಹೇಳ್ರಿ.”

“ಐದರ ಕೆಳಗಿನವರನ್ನ ಬಿಡ್ರಿ.”

ನದಾಫ ಪಟ್ಟಿಯನ್ನು ಮತ್ತೊಮ್ಮೆ ನೋಡಿದ. “ಐದಕ್ಕಿಟ್ರ ಮೊದಲು ಉದುರೋರು ಕಟಗೇರಿ ಸರ್ರ. ಅವರದು ನೂರಕ್ಕ ಒಂದೂ ಇಲ್ರಿ.”

“ಹಂಗಾದ್ರ ಸೊನ್ನೆಕ್ಕ ಇಡ್ರಿ.”

“ಸೊನ್ನೆಕ್ಕ ಇಟ್ರ ಎಲ್ಲಾರೂ ಬರ್ತಾರ್ರಿ.”

ಗಲಗಲಿಯವರು ಗೋಡೆಗೆ ಬೆನ್ನು ಕೊಟ್ಟು ನಿಂತರು. ಯಂತ್ರವನ್ನು ಬೈಯುವಂತಿರಲಿಲ್ಲ, ಆದೇಶವನ್ನು ಬೈಯುವಂತೆಯೂ ಇರಲಿಲ್ಲ. ಎರಡರ ಕಾಗದಪತ್ರಗಳ ಕೆಳಗೂ ಅವರದೇ ಸಹಿಯಿತ್ತು, ಅದೂ ಸ್ವಂತ ಕೈಯದು.

ಶಿವಲೀಲಾಳಿಗೆ ಚುಚ್ಚಿದ್ದು ಬೇರೆ. ‘ಮೌನ–೪೧’ರ ಫಲಕವನ್ನು ಬರೆದವಳು ಅವಳು, ಅದು ಅವಳ ಮೊದಲ ಫಲಕ. ‘ಈ ಬಿಳುಪಿನ ಪ್ರತಿಯೊಂದು ಗೀರಿನಲ್ಲೂ ಕಲಾವಿದನ ಏಕಾಂಗಿ ಕೈಯ ಮಿಡಿತ ಕೇಳಿಸುತ್ತದೆ’ ಎಂದು ಬರೆದಿದ್ದಳು. ಆ ಸಾಲು ಪತ್ರಿಕೆಗಳಲ್ಲಿ ಬಂದಿತ್ತು, ಭಾಷಣಗಳಲ್ಲಿ ಬಂದಿತ್ತು, ಒಂದು ವರ್ಷ ಶಾಲೆಯ ಪರೀಕ್ಷೆಯಲ್ಲಿ ‘ಸಂದರ್ಭ ಸಹಿತ ವಿವರಿಸಿ’ ಎಂದೂ ಬಂದಿತ್ತು. ಅದನ್ನು ಬರೆಯುವ ಮುಂಚೆ ಅವಳು ಕಟಗೇರಿಯವರ ಚಿತ್ರಶಾಲೆಗೆ ಹೋಗಿದ್ದಳು. ಹೊರಗಿನ ಕೋಣೆಯಲ್ಲಿ ಕೂಡಿಸಿ ಅವಲಕ್ಕಿ ಕೊಟ್ಟಿದ್ದರು. ಮುಚ್ಚಿದ ಬಾಗಿಲ ಒಳಗಿನಿಂದ ಹತ್ತಾರು ಜನರ ಮಾತು, ನಗು, ಏಣಿ ಎಳೆದ ಸದ್ದು ಕೇಳಿಬರುತ್ತಿತ್ತು. ಯಾರು ಅವರೆಂದು ಅವಳು ಕೇಳಿರಲಿಲ್ಲ. ಅವಲಕ್ಕಿ ತಿಂದು, ಬಸ್ಸಿನಲ್ಲಿ ಕೂತು, ‘ಏಕಾಂಗಿ ಕೈ’ ಎಂದು ಬರೆದಿದ್ದಳು. ಯಂತ್ರ ಈಗ ಆ ಮಿಡಿತವನ್ನು ನಿಜವಾಗಿಯೂ ಕೇಳಿಸಿಕೊಂಡು ಬಂದು ಅವಳ ಮುಂದೆ ಇಟ್ಟಿತ್ತು.

ಮರುದಿನ ಗಲಗಲಿಯವರು ಅವಳನ್ನು ಕೋಣೆಗೆ ಕರೆಸಿ, ಹದಿನೆಂಟು ಹೆಸರುಗಳನ್ನು ‘ಮತ್ತು ಬಳಗ’ ಎಂದು ಸಂಕ್ಷೇಪಿಸಲು ಸೂಚಿಸಿದರು. ಬೇಡವೆಂದಳು. ಹಾಗಾದರೆ ತೀರ ಸಣ್ಣ ಅಕ್ಷರದಲ್ಲಿ ಬರೆಯಲು ಹೇಳಿದರು. ಅದಕ್ಕೂ ಒಪ್ಪಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವಳು ನಿರ್ದೇಶಕರ ಮಾತಿಗೆ ಎದುರಾಡಿದವಳಲ್ಲ. ಬೇರೆಯವರಿಂದ ಬರೆಸಬೇಕಾಗುತ್ತದೆ ಎಂದು ಗಲಗಲಿಯವರು ಗದರಿಸಿದಾಗ, ಆದೇಶದಲ್ಲಿ ‘ಸಂಗ್ರಹಾಲಯದ ಫಲಕ ಬರಹಗಾರ್ತಿಯೇ ಬರೆಯತಕ್ಕದ್ದು’ ಎಂದಿರುವುದನ್ನು ಅವಳು ತೋರಿಸಿದಳು.  ಅಂದು ರಾತ್ರಿ ಊಟ ಎಂದಿಗಿಂತ ಚೆನ್ನಾಗಿ ಸೇರಿತು.

ಹೊಸ ಫಲಕ ಹತ್ತನೆಯ ದಿನ ಗೋಡೆಗೆ ಬಂತು. ಹನ್ನೊಂದನೆಯ ದಿನ ಕಟಗೇರಿಯವರು ಬಂದರು. ಶಾಲು ಹೊದ್ದು, ಕೈಗಳನ್ನು ಅದರೊಳಗೆ ಕಟ್ಟಿಕೊಂಡು, ಪತ್ರಕರ್ತರನ್ನು ಹಿಂದೆ ಕಟ್ಟಿಕೊಂಡು ಬಂದು ಫಲಕದ ಮುಂದೆ ನಿಂತರು. ಹತ್ತೊಂಬತ್ತು ಹೆಸರನ್ನೂ ಓದಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಭಾಷಣ ಬಂದಿತ್ತು. ಕಲೆ ಇರುವುದು ಕೈಯಲ್ಲಲ್ಲ, ಕಲ್ಪನೆಯಲ್ಲಿ ಎಂದರು. ಕೈಯೆಂಬುದು ಒಂದು ಸಲಕರಣೆ, ಕುಂಚದ ಹಿಡಿಕೆಯ ಮುಂದುವರಿಕೆ ಎಂದರು. ಕೊನೆಗೆ ಶಿವಲೀಲಾಳ ಕಡೆ ತಿರುಗಿದರು.

“ತಾಯಿ, ತಾಜಮಹಲು ಕಟ್ಟಿದವರು ಯಾರು ಅಂತ ಕೇಳಿದ್ರ ನೀವು ಗೌಂಡಿ ಹೆಸರು ಹೇಳ್ತೀರೇನು?”

“ಗೊತ್ತಿದ್ರ ಹೇಳ್ತಿದ್ದೆನೇನೋ, ಸರ್,” ಎಂದಳು ಶಿವಲೀಲಾ. “ಯಾರೂ ಬರದಿಡಲಿಲ್ಲ.”

ಪತ್ರಕರ್ತರು ಅದನ್ನೇ ಬರೆದುಕೊಂಡರು. ಕಟಗೇರಿಯವರು ಮುಖ ಗಂಟಿಕ್ಕಿ, ತನಗೊಬ್ಬನಿಗೇ ಯಾಕೆ ಈ ಪರೀಕ್ಷೆ, ಮಾಡುವುದಾದರೆ ಆರು ಸಾವಿರಕ್ಕೂ ಮಾಡಿ, ಇಲ್ಲವಾದರೆ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದು ಹೇಳಿ ಹೊರಟುಹೋದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಇಲಾಖೆಯೂ ಒಪ್ಪಿತು. ನದಾಫ ಯಂತ್ರದೊಂದಿಗೆ ಏಳು ತಿಂಗಳು ಪಡಸಾಲೆಯಿಂದ ಪಡಸಾಲೆಗೆ, ಉಗ್ರಾಣದಿಂದ ಉಗ್ರಾಣಕ್ಕೆ ಅಲೆದ.

ಆ ಏಳು ತಿಂಗಳಲ್ಲಿ ನಾಡಿನ ಕಲಾಲೋಕ ಅನುಭವಿಸಿದ ಸಂಕಟವನ್ನು ವರ್ಣಿಸುವುದು ಕಷ್ಟ. ಬಾಳು ಪವಾರ ಎರಡು ನೂರ ಹನ್ನೆರಡು ಚಿತ್ರಗಳಿಗೆ ಸಹಿ ಹಾಕಿದ್ದು ಹೊರಬಿದ್ದು, ಅವನೇ ಸಂಗ್ರಹಾಲಯದ ಅತಿ ಹೆಚ್ಚು ಕೃತಿಗಳಲ್ಲಿರುವ ಹೆಸರಾದ. ಚಾವಣಿಯಿಂದ ತೂಗುಹಾಕಿದ್ದ ಒಂದು ತಗಡಿನ ಟ್ರಂಕು ‘ವಲಸೆ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿತ್ತು; ಅದರಲ್ಲಿ ಗದಗಿನ ಇಬ್ಬರು ತಗಡು ಕೆಲಸದವರ ಕೈ ಸಿಕ್ಕಿತು, ಕಲಾವಿದನ ಕೈ ಎಲ್ಲೂ ಸಿಗಲಿಲ್ಲ. ‘ಶೂನ್ಯ’ ಎಂಬ ಖಾಲಿ ಕೋಣೆಯ ಗೋಡೆಗಳಲ್ಲಿ ನಲವತ್ತಮೂರು ಗೌಂಡಿಗಳ ಕೈ ಸಿಕ್ಕಿತು. ಅದರ ಕಲಾವಿದೆ ಬಹಳ ಸಂತೋಷಪಟ್ಟು, ಈ ಕೃತಿಗೆ ನನ್ನ ಅಗತ್ಯವಿಲ್ಲವೆಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ ಎಂದು ಸಂದರ್ಶನ ಕೊಟ್ಟರು. ನೀಲಿ ಚಿತ್ರವೊಂದರ ಮೇಲ್ತುದಿಯಲ್ಲಿ ಎರಡು ಬೆರಳಗಲದ ತೇಪೆಯನ್ನು ಯಂತ್ರ ಪತ್ತೆಹಚ್ಚಿ ಪ್ರಹ್ಲಾದ ಗಲಗಲಿ ಎಂಬ ಹೆಸರು ಹೇಳಿತು. ಛತ್ರಿಯ ತುದಿ ತಾಗಿ ಆದ ಗೀರನ್ನು ಅವರು ಮಗಳ ಉಗುರುಬಣ್ಣದಿಂದ ಮುಚ್ಚಿದ್ದರು. ಆದೇಶವೆಂದರೆ ಆದೇಶ. ಶಿವಲೀಲಾ ಅದನ್ನೂ ಬರೆದಳು, ಉಗುರುಬಣ್ಣದ ಹೆಸರಿನ ಸಮೇತ.

ಫಲಕಗಳು ಬೆಳೆದವು. ಅಂಗೈಯಗಲದ ಹಲಗೆ ಬಾಗಿಲಿನಷ್ಟಾಯಿತು, ಕೆಲವು ಕಡೆ ಗೋಡೆಯಷ್ಟಾಯಿತು. ಐದನೆಯ ಪಡಸಾಲೆಯಲ್ಲಿ ಫಲಕಗಳಿಗೆ ಜಾಗ ಸಾಲದೆ ಹದಿನಾಲ್ಕು ಚಿತ್ರಗಳನ್ನು ಉಗ್ರಾಣಕ್ಕೆ ಕಳುಹಿಸಬೇಕಾಯಿತು. ಬೆಂಗಳೂರಿನಿಂದ ಬಂದ ವಿಮರ್ಶಕರೊಬ್ಬರು ಆ ಗೋಡೆಯ ಮುಂದೆ ಒಂದು ತಾಸು ನಿಂತು, ಹೆಸರುಗಳ ಪುನರಾವರ್ತನೆಯ ಮೂಲಕ ಅಸ್ತಿತ್ವವನ್ನೇ ಪ್ರಶ್ನಿಸುವ ಇಷ್ಟು ದಿಟ್ಟ ಕೃತಿಯನ್ನು ತಾವು ಇತ್ತೀಚೆಗೆ ನೋಡಿಲ್ಲವೆಂದು ಬರೆದರು. ಅವರಿಗೆ ಅದು ಫಲಕವೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಇನ್ನು, ಯಾರ ನೆರವೂ ಇಲ್ಲದೆ ನಲವತ್ತು ವರ್ಷ ಕಾಗದದ ಮೇಲೆ ತಾವೊಬ್ಬರೇ ಬರೆದ ಕಲಾವಿದೆಯೊಬ್ಬರ ಚಿತ್ರಗಳು ಒಂದು ಮೂಲೆಯಲ್ಲಿದ್ದವು. ಯಂತ್ರದ ಪರೀಕ್ಷೆಯಲ್ಲಿ ತಮ್ಮ ಎಲ್ಲ ಚಿತ್ರಗಳಲ್ಲೂ ಗೆದ್ದವರು ಅವರೊಬ್ಬರೇ ಎನ್ನಬೇಕು. ಜನ ಆ ಒಂಟಿ ಹೆಸರನ್ನು ಓದಿ, “ಪಾಪ, ಯಾರೂ ಇರಲಿಲ್ಲೇನೋ ಆಕಿಗೆ,” ಎಂದು ಮುಂದೆ ಹೋಗುತ್ತಿದ್ದರು.

ಹೊಸ ಫಲಕಗಳು ಬಂದು ಒಂದು ವರ್ಷ ತುಂಬುವ ಹೊತ್ತಿಗೆ, ಒಂದು ಗುರುವಾರ, ಗುಳೇದಗುಡ್ಡದಿಂದ ಒಬ್ಬ ಹೆಂಗಸು ಬಂದಳು. ಹೆಸರು ಅನ್ನಪೂರ್ಣಾ ಬರಗುಂಡಿ, ಐವತ್ತರ ಆಸುಪಾಸು. ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಚೀಲ. ನೇರವಾಗಿ ವಿಚಾರಣೆಯ ಕಿಟಕಿಗೆ ಹೋಗಿ, ನಮ್ಮವ್ವ ಎಲ್ಲಿದ್ದಾಳೆ ಎಂದು ಕೇಳಿದಳು. ಕಿಟಕಿಯವನಿಗೆ ಅರ್ಥವಾಗದೆ ಶಿವಲೀಲಾಳನ್ನು ಕರೆಸಿದ. ಅನ್ನಪೂರ್ಣಾ ಚೀಲದಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ತೋರಿಸಿದಳು. ‘ಮೌನ–೪೧’ರ ಹತ್ತೊಂಬತ್ತು ಹೆಸರುಗಳಲ್ಲಿ ಎರಡನೆಯದು ಕಾಶವ್ವ ಬರಗುಂಡಿ. ಕಾಶವ್ವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಶಿವಲೀಲಾ ಅವಳನ್ನು ಮೂರನೆಯ ಪಡಸಾಲೆಗೆ ಕರೆದುಕೊಂಡು ಹೋದಳು. ಅನ್ನಪೂರ್ಣಾ ಚಿತ್ರದ ಹತ್ತಿರಕ್ಕೆ ಹೋಗಿ, ಬಣ್ಣವನ್ನು ಬಿಟ್ಟು ಬಣ್ಣದ ಕೆಳಗಿನ ಬಟ್ಟೆಯನ್ನು ಹುಡುಕುವವಳಂತೆ ಕಣ್ಣು ಕಿರಿದು ಮಾಡಿ ನೋಡಿದಳು. ಕುಪ್ಪಸದ ಖಣ ನೇಯುವ ಮಗ್ಗದಲ್ಲಿ ಅವ್ವ ಒಂದು ಚಳಿಗಾಲ ಪೂರ್ತಿ ದಪ್ಪ ಬಿಳಿ ಬಟ್ಟೆ ನೇಯ್ದದ್ದು ಅವಳಿಗೆ ನೆನಪಿತ್ತು. ಯಾರಿಗೆಂದು ಕೇಳಿದರೆ ಯಾರೋ ದೊಡ್ಡವರಿಗೆ ಪರದೆಗಂತೆ ಎಂದಿದ್ದಳಂತೆ.

“ಪೂರಾ ಬಣ್ಣಾ ಬಡದುಬಿಟ್ಟಾರ,” ಎಂದಳು ಅನ್ನಪೂರ್ಣಾ. ಅದು ದೂರಿನಂತಿರಲಿಲ್ಲ, ಬೇಸರದಂತಿತ್ತು. ಅಷ್ಟು ದೂರದಿಂದ ಬಂದವಳಿಗೆ ಕಾಣಿಸಿದ್ದು ಒಂದು ಹೆಸರು, ಒಂದು ಬಿಳಿ ಗೋಡೆ.

ಆಗ ಪಕ್ಕದಲ್ಲಿ ಯಂತ್ರ ಒರೆಸುತ್ತ ನಿಂತಿದ್ದ ನದಾಫ ಗಂಟಲು ಸರಿಮಾಡಿಕೊಂಡ. ಯಂತ್ರದ ಹಿಂಬದಿಯಲ್ಲಿ ಅಂಗೈಯಗಲದ ಒಂದು ತಾಮ್ರದ ತಟ್ಟೆಯಿದೆ ಎಂದು ಹೇಳಿದ. ಅದನ್ನು ಕಂಪನಫಲಕ ಎನ್ನುತ್ತಿದ್ದರು. ಯಂತ್ರ ಸರಿಯಾಗಿ ಓದಿದೆಯೇ ಎಂದು ಪರೀಕ್ಷಿಸಲು ಅದನ್ನು ಇಟ್ಟಿದ್ದ. ಓದಿದ ಲಯವನ್ನು ನೂರು ಪಾಲು ದೊಡ್ಡದು ಮಾಡಿ ತಟ್ಟೆ ಕಂಪಿಸುತ್ತದೆ. ಬದುಕಿರುವವರ ಕೈಗೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು. ಅದು ಕಾರ್ಖಾನೆಯವರಿಗೆ ಬೇಕಾದದ್ದು, ನೋಡಲು ಬಂದವರಿಗೆ ತೋರಿಸುವಂಥದ್ದಲ್ಲ. ಆದರೂ ಬೇಕಾದರೆ ಒಮ್ಮೆ ಕೈ ಇಡಬಹುದು.

ಅನ್ನಪೂರ್ಣಾ ಡಬ್ಬಿಯನ್ನು ನೆಲಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆಯ ಮೇಲಿಟ್ಟಳು. ನದಾಫ ಎರಡನೆಯ ಹೆಸರನ್ನು ಒತ್ತಿದ. ಮೊದಲು ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಅವಳು ಇನ್ನೊಂದು ಕೈಯನ್ನೂ ಅದರ ಮೇಲಿಟ್ಟಳು.

“ಹಿಂಗ ಹಿಡೀತಿದ್ಲರಿ,” ಎಂದಳು. “ಸಣ್ಣಾಕಿ ಇದ್ದಾಗ, ಸಾಲಿಗೆ ಕರಕೊಂಡು ಹೋಗುವಾಗ.”

ನದಾಫ ತನ್ನ ಯಂತ್ರವನ್ನು ಯಾರೋ ಬೇರೆಯವರು ಮಾಡಿದ್ದೇನೋ ಎಂಬಂತೆ ನೋಡಿದ. ಅನ್ನಪೂರ್ಣಾ ಅರ್ಧ ತಾಸು ಅಲ್ಲಿಂದ ಕದಲಲಿಲ್ಲ. ಹೋಗುವಾಗ ಡಬ್ಬಿಯಲ್ಲಿದ್ದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಇಬ್ಬರಿಗೂ ಕೊಟ್ಟು ಹೋದಳು.

ಮುಂದಿನ ವಾರ ಗುಳೇದಗುಡ್ಡದಿಂದ ಎರಡು ಬಸ್ಸು ಬಂದವು. ಅದರ ಮುಂದಿನ ವಾರ ಗದಗಿನ ತಗಡು ಕೆಲಸದವರ ಮನೆತನ ಮೊಮ್ಮಕ್ಕಳ ಸಮೇತ ಬಂತು. ನಲವತ್ತಮೂರು ಗೌಂಡಿಗಳ ಕಡೆಯವರು ಖಾಲಿ ಕೋಣೆಯನ್ನು ತುಂಬಿಬಿಟ್ಟರು. ಅದರ ಕಲಾವಿದೆ, ಇದರಿಂದ ಕೃತಿಯ ಶೂನ್ಯತೆಗೆ ಭಂಗ ಬರುತ್ತದೆಂದು ಆಕ್ಷೇಪ ಎತ್ತಿದರೂ ಯಾರೂ ಕಿವಿಗೊಡಲಿಲ್ಲ. ತಮ್ಮವರ ಹೆಸರು ಬರೆದ ಚೀಟಿ ಹಿಡಿದು, ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ಜನ ಸಾಲಾಗಿ ನಿಲ್ಲುತ್ತಿದ್ದರು. ಸಂಗ್ರಹಾಲಯಕ್ಕೆ ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ನದಾಫ ಒಂದರ ಬದಲು ಎಂಟು ಕಂಪನಫಲಕಗಳನ್ನು ಮಾಡಿ ಕೂಡಿಸಿದ. ಗಲಗಲಿಯವರು ದಿಲ್ಲಿಗೆ ಹೋಗಿ, ಕಲೆಯನ್ನು ಜನಸಾಮಾನ್ಯರ ಅಂಗೈಗೆ ತಲುಪಿಸುವ ಈ ಯೋಜನೆಯನ್ನು ತಾವು ಮೊದಲ ದಿನದಿಂದಲೇ ಮನಸ್ಸಿನಲ್ಲಿಟ್ಟುಕೊಂಡಿದ್ದಾಗಿ ಹೇಳಿ ಒಂದು ಪ್ರಶಸ್ತಿ ತಂದರು. ಚಿತ್ರಗಳನ್ನು ಜನ ಈಗಲೂ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ ಎಂಬುದು ನಿಜ. ಆದರೆ ನಮ್ಮಪ್ಪ ಬಳಿದದ್ದು ಈ ಬಿಳಿಯೋ ಆ ಬಿಳಿಯೋ ಎಂದು ವಾದಿಸುವಾಗ, ಬಿಳಿಯಲ್ಲಿ ಹನ್ನೊಂದು ಬಗೆಯಿದೆ ಎಂಬುದನ್ನು ಅವರು ಕಂಡುಕೊಳ್ಳುತ್ತಿದ್ದರು. ಅಷ್ಟನ್ನು ಶಿವಲೀಲಾ ತನ್ನ ಫಲಕಗಳಿಂದ ಯಾರಿಗೂ ಕಾಣಿಸಲಾಗಿರಲಿಲ್ಲ.

ಮಾಘ ಮಾಸದ ಒಂದು ಬುಧವಾರ ಮಧ್ಯಾಹ್ನ ಅವಳು ಸಾಲಿನ ಪಕ್ಕದಲ್ಲಿ ನಡೆದುಹೋಗುತ್ತಿದ್ದಾಗ ಮುಂಡಾಸು ಸುತ್ತಿ, ಗಂಟಲಿಗೆ ಮಫ್ಲರು ಕಟ್ಟಿಕೊಂಡ ಮುದುಕರೊಬ್ಬರನ್ನು ಕಂಡು ನಿಂತಳು. ಹಣೆ, ಮೂಗು ಗುರುತು ಹತ್ತಿದವು. ಉದಯರವಿ ಕಟಗೇರಿಯವರು. ಜೊತೆಗೆ ಯಾರೂ ಇರಲಿಲ್ಲ. ಎದೆಗೆ ಒತ್ತಿ ಹಿಡಿದ ಕೈಯಲ್ಲಿ ಎಲ್ಲರಂತೆ ಚೀಟಿಯಿತ್ತು. ಅದರ ಮೇಲೆ ‘ಬಾವಿಕಟ್ಟೆ, ಮಸಿಯ ರೇಖಾಚಿತ್ರ’ ಎಂದಿತ್ತು. ಅವರು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬರೆದು ಸಂಗ್ರಹಾಲಯಕ್ಕೆ ಸುಮ್ಮನೆ ಕೊಟ್ಟಿದ್ದ ಸಣ್ಣ ಚಿತ್ರ ಅದು. ಕೈಕಾಲು ತೊಳೆಯುವ ಕೋಣೆಗೆ ಹೋಗುವ ದಾರಿಯಲ್ಲಿ ಅದನ್ನು ತೂಗುಹಾಕಿದ್ದರು. ಯಂತ್ರ ಅದರಲ್ಲಿ ಒಂದೇ ಕೈ ಕಂಡಿತ್ತು.

ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗುತ್ತೇನೆ ಬನ್ನಿ ಎಂದಳು. ಬೇಡವೆಂದರು. ಅವಳೂ ಅವರ ಪಕ್ಕದಲ್ಲೇ ಸಾಲಿನೊಂದಿಗೆ ಹೆಜ್ಜೆ ಹಾಕಿದಳು. ಹತ್ತು ಮಾರು ಸಾಗುವಷ್ಟರಲ್ಲಿ ಅವರು ಚೀಟಿಯನ್ನು ಎಡಗೈಗೆ ಬದಲಾಯಿಸಿ, ಎದೆಗೆ ಒತ್ತಿಕೊಂಡಿದ್ದ ಬಲಗೈಯನ್ನು ಮುಂದೆ ಚಾಚಿ ಅವಳಿಗೆ ತೋರಿಸಿದರು. ಅದು ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ಅಲುಗುತ್ತಿತ್ತು.

“ಐವತ್ತಾರಕ್ಕ ಸುರು ಆತು,” ಎಂದರು. “ಔಷಧಕ್ಕ ಬಗ್ಗಲಿಲ್ಲ. ಆ ಹೊತ್ತಿಗೇ ನಿಮ್ಮವರು ಹನ್ನೆರಡಡಿ, ಮೂವತ್ತಡಿ ಚಿತ್ರಾ ಬೇಕು ಅಂದ್ರು. ಅದೊಂದ ಚಿತ್ರಕ್ಕ ಮಂದಿ ಇಟಗೊಂಡೆ. ಒಂದಕ್ಕಂತನ ಇಟಗೊಂಡಿದ್ದು.”

ಮಿಕ್ಕದ್ದನ್ನು ಅವರು ತುಂಡು ತುಂಡಾಗಿ ಹೇಳಿದರು. ಆ ಚಿತ್ರಕ್ಕೆ ಸಹಿ ಮಾಡಲೂ ಬಾರದಂತಾದಾಗ ಬಾಳುವಿಗೆ ಕಲಿಸಿದರು. ಸಹಿ ಮಾಡಲೂ ಬಾರದಂತಾದಾಗ ಬಾಳುವಿಗೆ ಕಲಿಸಿದರು. ಕೈ ನಡುಗುತ್ತದೆ ಎನ್ನುವುದಕ್ಕಿಂತ, ಕೈ ಮುಖ್ಯವಲ್ಲ, ಕಲ್ಪನೆ ಮುಖ್ಯ ಎನ್ನುವುದು ಸುಲಭವಾಗಿತ್ತು. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವೆನಿಸತೊಡಗಿತ್ತು. ಜನ ಅದರ ಮೇಲೆ ಪುಸ್ತಕಗಳನ್ನು ಬರೆದರು.  ಆ ಪುಸ್ತಕಗಳಲ್ಲಿ ಎರಡಕ್ಕೆ ಶಿವಲೀಲಾಳೇ ಮುನ್ನುಡಿ ಬರೆದಿದ್ದಳು.

ಅವರ ಸರದಿ ಬಂತು. ಚೀಟಿ ಕೊಟ್ಟು, ತಾಮ್ರದ ತಟ್ಟೆಯ ಮೇಲೆ ಬಲಗೈ ಇಟ್ಟರು. ನದಾಫನ ಕೆಲಸದವಳೊಬ್ಬಳು ಲಯವನ್ನು ಒತ್ತಿದಳು. ಕಟಗೇರಿಯವರು ಕಣ್ಣು ಮುಚ್ಚಿ ಕಾದರು, ಮತ್ತೆ ತೆರೆದರು. ಅವರ ಕೈಯ ಅಲುಗಾಟವೇ ತಟ್ಟೆಯನ್ನು ಬಡಿಯುತ್ತಿತ್ತು. ಅದರ ಅಡಿಯಲ್ಲಿ ಏನಿತ್ತೋ ಅವರಿಗೆ ಹತ್ತುತ್ತಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದರು. ಎಡಗೈಯೂ ಅಷ್ಟೇ ನಡುಗುತ್ತಿತ್ತು.

“ಏನೂ ತಿಳೀವಲ್ದು,” ಎಂದು ಕೈ ಹಿಂದೆಗೆಯಲು ಹೋದರು.

ಶಿವಲೀಲಾ ಮುಂದೆ ಬಂದು ತನ್ನ ಎರಡೂ ಕೈಗಳನ್ನು ಅವರ ಕೈಯ ಮೇಲಿಟ್ಟು, ಭಾರ ಹಾಕಿ, ತಟ್ಟೆಗೆ ಅದುಮಿ ಹಿಡಿದಳು. ಕೈ ಸ್ವಲ್ಪ ಹೊತ್ತು ಒದ್ದಾಡಿತು. ಆಮೇಲೆ ನಿಂತಿತು. ಆಗ ಅವಳ ಅಂಗೈಗೂ ಅದು ತಲುಪಿತು. ಅವರ ಮುಪ್ಪಿನ ಬೆರಳುಗಳ ಆಚೆಯಿಂದ, ಚುರುಕಾಗಿ, ಸಮನಾಗಿ, ಅವಸರವಿಲ್ಲದೆ ಬರುತ್ತಿದ್ದ ಒಂದು ಸಣ್ಣ ಮಿಡಿತ. ಇಪ್ಪತ್ತನಾಲ್ಕು ವರ್ಷದ ಹುಡುಗನೊಬ್ಬ ಬಾವಿಕಟ್ಟೆಯ ಕಲ್ಲುಗಳನ್ನು ಒಂದೊಂದಾಗಿ ಬರೆಯುತ್ತಿದ್ದ. ಕಟಗೇರಿಯವರು ತಲೆ ತಗ್ಗಿಸಿ ಆ ತಟ್ಟೆಯನ್ನೇ ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಒಬ್ಬರಿಗೆ ಎರಡು ನಿಮಿಷವೆಂಬ ನಿಯಮವಿತ್ತು. ಐದಾಯಿತು, ಹತ್ತಾಯಿತು. ಅಣ್ಣಿಗೇರಿಯಿಂದ ಬಂದ ಕುಟುಂಬವೊಂದು ಹಿಂದೆ ನಿಂತಿತ್ತು. ಅದರಲ್ಲಿದ್ದ ಗಂಡಸು, ಈ ಮುದುಕರಿಗೆ ಎಷ್ಟು ಹೊತ್ತು ಬೇಕು, ನಮಗೆ ಬಸ್ಸು ತಪ್ಪುತ್ತದೆ ಎಂದು ಗೊಣಗಿದ. ಅವನ ಹೆಂಡತಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಸುಮ್ಮ ನಿಂದರ್ರಿ,” ಎಂದಳು. “ಅವರ ಮನಿ ಪೈಕಿ ಯಾರೋ ಸಿಕ್ಕಿರಬೇಕು.”